ಸಾಸವಡ ಸೀಮೆಯ ಬಿತ್ತಬೀಜದ ವ್ಯಾಪಾರ: ಒಂದು ಐತಿಹಾಸಿಕ ಪರಿಶೀಲನೆ

ಪುಣೆಯಿಂದ ಜೇಜುರಿಗೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಸಾಸವಡದಲ್ಲಿ ನಿಲ್ಲುವುದಿಲ್ಲ. ಜೇಜುರಿಯ ಖಂಡೋಬನು ಅನೇಕರ ಮನೆದೇವರಾದ ಮೈಲಾರಲಿಂಗನೇ ಆದುದರಿಂದ ಅವರ ಮನಸ್ಸೆಲ್ಲ ಭಂಡಾರದ ಗುಡ್ಡದ ಕಡೆಗೆ ಹರಿದಿರುತ್ತದೆ. ದಿವೇ ಘಾಟವನ್ನೇರಿ, ಕರ್ಹಾ ನದಿಯ ದಂಡೆಯ ಈ ಹಳೆಯ ಪೇಟೆಯನ್ನು ಹಾಯ್ದು ಮುಂದೆ ಸಾಗುತ್ತಾರೆ. ಇತಿಹಾಸದ ಅಭಿರುಚಿಯುಳ್ಳವರು ಹೆಚ್ಚೆಂದರೆ ಸೋಪಾನದೇವರ ಸಮಾಧಿಯನ್ನೂ ಪುರಂದರೆಯವರ ವಾಡೆಯನ್ನೂ ಕಂಡು ಬಂದಾರು. ಜ್ಯೇಷ್ಠ ಮಾಸದಲ್ಲಿ ಜ್ಞಾನೇಶ್ವರರ ಪಾಲಕಿಯು ಆಳಂದಿಯಿಂದ ಹೊರಟು ಈ ಊರಿನಲ್ಲಿ ತಂಗುವ ದಿನಗಳೂ ಸಜ್ಜೆ ಬಿತ್ತುವ ದಿನಗಳೂ ಒಂದೇ ಎಂಬುದು ಯಾತ್ರಿಕರ ಗಮನಕ್ಕೆ ಬರುವುದು ಅಪೂರ್ವ. ಮಳೆ ಸಕಾಲಕ್ಕೆ ಬಂದ ವರ್ಷ ವಾರಕರಿಯು ಬಿತ್ತಿಗೆ ಮುಗಿಸಿ ಪಂಢರಪುರದ ದಾರಿ ಹಿಡಿಯುತ್ತಾನೆ. ಬಾರದ ವರ್ಷ ಬಿತ್ತದೆಯೇ ಹೊರಡುತ್ತಾನೆ. ಬಂದು ಕೈಕೊಟ್ಟ ವರ್ಷ, ಬಿತ್ತಿದ್ದು ಒಣಗುತ್ತಿರುವುದನ್ನು ಹಿಂದೆ ಬಿಟ್ಟು ನಡೆಯುತ್ತಾನೆ. ಬೀಜದ ವ್ಯಾಪಾರದ ಇತಿಹಾಸಕ್ಕೆ ಈ ಮೂರನೆಯ ವರ್ಷವೇ ಮುಖ್ಯವಾದುದು.

ಪುರಂದರ ತಾಲೂಕು ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದ ಪ್ರದೇಶ. ಪಡುವಣದ ಗುಡ್ಡಗಳು ಮೋಡದ ನೀರನ್ನು ತಮ್ಮ ಮೇಲೆಯೇ ಇಳಿಸಿಕೊಂಡು ಮೂಡಲಿಗೆ ಗಾಳಿಯನ್ನಷ್ಟೇ ಕಳಿಸುತ್ತವೆ. ತಾಲೂಕಿನ ಪೂರ್ವಭಾಗಕ್ಕೆ ವರ್ಷದಲ್ಲಿ 500 ಮಿಲಿಮೀಟರಿನಷ್ಟು ಮಳೆಯಾದರೆ ಅದು ಒಳ್ಳೆಯ ವರ್ಷ. ಅದೂ ಒಂದೇ ಸಮನಾಗಿ ಬರುವುದಿಲ್ಲ. ಮೃಗಶಿರದಲ್ಲಿ ಒಂದು ಹದಮಳೆ ಬಿದ್ದು, ಕೂರಿಗೆ ಹೂಡಿ ಬಿತ್ತಿದ ಮೇಲೆ ಮೂರು ವಾರ ಆಕಾಶ ಬರಿದಾಗಿ, ಮೊಳೆತದ್ದೆಲ್ಲ ಕಮರಿ, ಮತ್ತೆ ಆರಿದ್ರೆಯಲ್ಲೊ ಪುನರ್ವಸುವಿನಲ್ಲೊ ಮಳೆ ಬರುವುದು ಇಲ್ಲಿಯ ರೂಢಿ. ಆಗ ಎರಡನೆಯ ಸಲ ಬಿತ್ತಬೇಕು. ಮರಾಠಿಯಲ್ಲಿ ಇದಕ್ಕೆ ‘ದುಬಾರ ಪೇರಣಿ’ ಎಂದು ಹೆಸರು. ವಿಜಯಪುರ, ಬಾಗಲಕೋಟೆ, ಗದಗಿನ ಒಕ್ಕಲಿಗನಿಗೂ ಇದು ಹೊಸದಲ್ಲ.

ಬೀಜದ ಪ್ರಮಾಣವನ್ನು ಲೆಕ್ಕ ಹಾಕಿದವರಿಗೆ ಒಂದು ಸಂದೇಹ ಬರುವುದು ಸಹಜ. ಎಕರೆಗೆ ಜೋಳವಾದರೆ ನಾಲ್ಕು ಕಿಲೋಗ್ರಾಮಿನಷ್ಟು ಸಾಕು. ಸಜ್ಜೆಯಾದರೆ ಎರಡು ಕಿಲೋ ಸಹ ಬೇಡ. ಇಷ್ಟು ಅಲ್ಪವಾದ ಕಾಳನ್ನು ಎಂಥ ಬಡವನಾದರೂ ಮನೆಯಲ್ಲಿ ಉಳಿಸಿಕೊಳ್ಳಲಾರನೆ? ಅದಕ್ಕಾಗಿ ಸಾವುಕಾರನ ಬಾಗಿಲಿಗೆ ಏಕೆ ಹೋಗಬೇಕು? ಉತ್ತರವಿಷ್ಟು: ಮೊದಲನೆಯ ಬಿತ್ತಿಗೆಯ ಬೀಜವನ್ನು ಅವನು ಉಳಿಸಿಕೊಳ್ಳುತ್ತಲೇ ಬಂದಿದ್ದಾನೆ. ಉಳಿಸಿಕೊಳ್ಳಲಾಗದುದು ಎರಡನೆಯದು ಮತ್ತು ಮೂರನೆಯದು. ಬರದ ಸೀಮೆಯಲ್ಲಿ ಬೀಜದ ಪೇಟೆಯು ಹುಟ್ಟಿದ್ದೂ ಬೆಳೆದದ್ದೂ ಈ ಎರಡನೆಯ ಬಿತ್ತಿಗೆಯ ಮೇಲೆ. ಬೀಜವನ್ನು ಕೊಡುವವನು ಸಾವುಕಾರನಾಗಿರಲಿ, ಸರಕಾರವಾಗಿರಲಿ, ಕಂಪನಿಯಾಗಿರಲಿ, ಅವನ ಬಲವೆಲ್ಲ ಇರುವುದು ನೆಲದ ಹದವು ಆರುವ ಮುಂಚಿನ ಮೂರು ನಾಲ್ಕು ದಿನಗಳಲ್ಲಿ.

ಮನೆಯ ಬೀಜದ ವ್ಯವಸ್ಥೆಯನ್ನು ಮೊದಲು ನೋಡಬೇಕು. ಪೇಟೆಯು ಯಾವುದನ್ನು ತಳ್ಳಿ ಬಂದಿತೆಂಬುದು ಅದರಿಂದ ತಿಳಿಯುತ್ತದೆ. ದಖ್ಖಣದ ಉದ್ದಗಲಕ್ಕೂ ಧಾನ್ಯವನ್ನು ನೆಲದೊಳಗೆ ಹುಗಿದಿಡುವ ಪದ್ಧತಿಯಿತ್ತು. ಮರಾಠಿಯ ಪೇವು ನಮ್ಮ ಹಗೇವೇ. ಆದರೆ ಹಗೇವಿನ ಕಾಳು ಊಟಕ್ಕೆ ಸರಿ, ಬಿತ್ತಿಗೆಗೆ ಬಾರದು. ಒಳಗಿನ ಕಾವು ಮತ್ತು ಮಬ್ಬಿಗೆ ಮೊಳಕೆಯ ಕಣ್ಣು ಸತ್ತುಹೋಗಿರುತ್ತದೆ. ಆದುದರಿಂದ ಬಿತ್ತಬೀಜವನ್ನು ಬೇರೆಯೇ ಇಡುತ್ತಿದ್ದರು. ಸುಗ್ಗಿಯಲ್ಲಿ ಹೊಲದ ನಡುವಿನ, ದಂಟು ಗಟ್ಟಿಯಾದ, ಕಾಳು ಬಿಗಿಯಾಗಿ ಕೂತ ತೆನೆಗಳನ್ನು ಆರಿಸಿ, ಗೊಂಚಲು ಕಟ್ಟಿ, ಅಡುಗೆಮನೆಯ ಜಂತಿಗೆ ತೂಗುಬಿಡುವುದು. ಒಲೆಯ ಹೊಗೆ ತಾಗಿ ಹುಳು ಬೀಳದು. ಕಡಲೆ, ಹೆಸರು, ಹುರುಳಿಗಳನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ತುಂಬಿ ಬಾಯಿಗೆ ಸೆಗಣಿ ಮೆತ್ತುವುದು. ಇದೆಲ್ಲ ಹೆಂಗಸರ ಕೆಲಸ. ಕಂದಾಯದ ಕಡತಗಳಲ್ಲಿ ಈ ಕೆಲಸಕ್ಕೆ ಒಂದು ಸಾಲೂ ದೊರೆಯದಿರುವುದು ಆಶ್ಚರ್ಯವಲ್ಲ. ತೆರಿಗೆಯಿಲ್ಲದ ವಸ್ತುವಿನ ವಿಷಯದಲ್ಲಿ ಕಡತವು ಯಾವಾಗಲೂ ಮೂಕವೇ. ಆದರೆ ಭಾಷೆಯು ಅಷ್ಟು ಮೂಕವಲ್ಲ. ಕನ್ನಡ ನಾಡಿನ ತೆಂಕಣದಲ್ಲಿ ಗದ್ದೆಯನ್ನು ಇಷ್ಟು ಖಂಡುಗ ಬೀಜವರಿಯದು ಎಂದು ಅಳೆದರು. ಬಡಗಣದ ಎರೆಸೀಮೆಯಲ್ಲಿ ಇಷ್ಟು ಕೂರಿಗೆಯ ಹೊಲ ಎಂದರು. ನೆಲದ ಅಳತೆಯನ್ನೇ ಬೀಜದಿಂದ ಮತ್ತು ಬೀಜ ಬಿತ್ತುವ ಉಪಕರಣದಿಂದ ಮಾಡಿದ ಜನಕ್ಕೆ ಬೀಜವು ಕೊಳ್ಳುವ ಸರಕಾಗಿರಲಿಲ್ಲ.

ಒಂದು ವರ್ಷದ ಬರವನ್ನು ಈ ವ್ಯವಸ್ಥೆ ತಾಳಿಕೊಳ್ಳುತ್ತಿತ್ತು. ನೆರೆಮನೆಯಿಂದ, ಬೀಗರ ಊರಿನಿಂದ ಕೊಳಗವೊ ಸೇರೊ ತಂದು ಸುಗ್ಗಿಯಲ್ಲಿ ಹಿಂತಿರುಗಿಸಿದರೆ ಮುಗಿಯಿತು. ಎರಡು ಮೂರು ವರ್ಷ ಸಾಲಾಗಿ ಬಂದರೆ ಊರಿಗೆ ಊರೇ ಬೀಜವಿಲ್ಲದಾಗುತ್ತಿತ್ತು. ಆಗ ದೊರೆಯೇ ಕೊಡಬೇಕು. 1630-32ರ ಭೀಕರ ಕ್ಷಾಮದಿಂದ ಪುಣೆಯ ಪ್ರಾಂತವೂ ಹಾಳುಬಿದ್ದಿತ್ತು. ಆ ಹಾಳುನೆಲದಲ್ಲಿ ಬಾಲ್ಯವನ್ನು ಕಳೆದ ಶಿವಾಜಿಯು 1676ರ ಸಪ್ಟೆಂಬರಿನಲ್ಲಿ ಪ್ರಭಾವಳಿಯ ಸುಭೇದಾರ ರಾಮಾಜಿ ಅನಂತನಿಗೆ ಬರೆಯಿಸಿದ ಆಜ್ಞಾಪತ್ರವು ಈ ದೃಷ್ಟಿಯಿಂದ ಗಮನಾರ್ಹವಾದುದು. ದುಡಿಯುವ ಕೈಗಳಿದ್ದೂ ಎತ್ತು ಕಾಳುಗಳಿಲ್ಲದ ರೈತನಿಗೆ ಎತ್ತಿಗೆ ಹಣವನ್ನೂ ತಿನ್ನಲು ಕಾಳನ್ನೂ ಕೊಡಬೇಕು; ಕೊಟ್ಟುದನ್ನು ಬಡ್ಡಿಯಿಲ್ಲದೆ, ಅಸಲನ್ನು ಮಾತ್ರ, ಅವನ ಶಕ್ತಿ ಕಂಡು ಮೆಲ್ಲಮೆಲ್ಲನೆ ವಸೂಲು ಮಾಡಬೇಕು ಎಂಬುದು ಅದರ ತಾತ್ಪರ್ಯ. ಪ್ರಭಾವಳಿಯು ಕೊಂಕಣದ ಪ್ರಾಂತ, ಮಳೆಯ ನಾಡು. ಆದರೂ ಆಜ್ಞೆಯ ಹಿಂದಿನ ಅನುಭವ ಘಟ್ಟದ ಮೇಲಿನದೆಂದು ಊಹಿಸಲು ಅವಕಾಶವಿದೆ. ಮುಂದೆ 1713ರಲ್ಲಿ ಪೇಶವೆಯಾದ ಬಾಳಾಜಿ ವಿಶ್ವನಾಥನು ಸಾಸವಡದಲ್ಲಿ ನೆಲೆನಿಂತು 1720ರಲ್ಲಿ ಅಲ್ಲಿಯೇ ತೀರಿಕೊಂಡನು. ಹಾಗಾಗಿ ಕೆಲವು ವರ್ಷ ಮರಾಠಾ ರಾಜ್ಯದ ಆಡಳಿತದ ಸೂತ್ರಗಳು ಈ ಬರಡು ಸೀಮೆಯ ಪೇಟೆಯಲ್ಲಿದ್ದವು. ತಗಾಯಿಯೆಂಬ ಸರಕಾರಿ ಮುಂಗಡವು ಪೇಶವೆಯರ ಕಾಲಕ್ಕೂ ನಡೆದುಬಂದಿತು.

ದೊರೆಯ ಕೊಡುಗೆಯನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ರೈತನು ಬಿತ್ತದಿದ್ದರೆ ಕಂದಾಯವೂ ಹುಟ್ಟದು. ಆದರೂ ಕಂದಾಯದಲ್ಲಿ ಪಾಲುಳ್ಳವನೇ ಬೀಜವನ್ನು ಕೊಡುತ್ತಿದ್ದಾಗ, ಬೆಳೆ ಕೆಟ್ಟರೆ ಕೊಟ್ಟವನಿಗೂ ನಷ್ಟವಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮುರಿದುಬಿದ್ದುದು ಈ ಸಂಬಂಧ.

ಇಂಗ್ಲಿಷರ ರೈತವಾರಿ ಪದ್ಧತಿಯಲ್ಲಿ ಕಂದಾಯವು ನಗದು ಹಣವಾಯಿತು. ಬೆಳೆ ಬಂದರೂ ಬಾರದಿದ್ದರೂ ಕಟ್ಟತಕ್ಕ ಹಣವಾಯಿತು. ಅದನ್ನು ಕಟ್ಟಲು ಸುಗ್ಗಿಯಲ್ಲಿಯೇ ಕಾಳನ್ನು ಮಾರಬೇಕು. ಮಾರಿದ ಮೇಲೆ ಬಿತ್ತಿಗೆಯ ಕಾಲಕ್ಕೆ ಮತ್ತೆ ಕಾಳು ಬೇಕು. ನಡುವೆ ನಿಂತವನು ಸಾವುಕಾರ. ಧಾನ್ಯದ ಸಾಲಕ್ಕೆ ಎರಡು ದರಗಳು ಪ್ರಸಿದ್ಧವಾಗಿದ್ದವು: ಒಂದಕ್ಕೆ ಒಂದೂಕಾಲು ಹಿಂತಿರುಗಿಸುವ ಸವಾಯಿ, ಒಂದಕ್ಕೆ ಒಂದೂವರೆ ಹಿಂತಿರುಗಿಸುವ ದೀಡಿ. ಕೇಳಿದರೆ ಇವು ಅಷ್ಟೊಂದು ಕ್ರೂರವಾದ ದರಗಳೆನಿಸವು. ಕಾಳು ಕಾಳಾಗಿಯೇ ಹಿಂತಿರುಗುವವರೆಗೆ ಕ್ರೂರವಾಗಿರಲೂ ಇಲ್ಲ. ಲೆಕ್ಕದ ಚಮತ್ಕಾರವೆಲ್ಲ ಕಾಳನ್ನು ರೂಪಾಯಿಯಾಗಿಸಿ, ರೂಪಾಯಿಯನ್ನು ಮತ್ತೆ ಕಾಳಾಗಿಸುವುದರಲ್ಲಿತ್ತು. ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಜ್ಯೇಷ್ಠದಲ್ಲಿ ಸಜ್ಜೆಯ ಧಾರಣೆ ಮಣಕ್ಕೆ ನಾಲ್ಕು ರೂಪಾಯಿ. ರೈತನು ಒಂದು ಮಣ ಒಯ್ದನು. ವಹಿಯಲ್ಲಿ ಬರೆದುದು ನಾಲ್ಕು ರೂಪಾಯಿ, ಸವಾಯಿ ಸೇರಿ ಐದು. ನಾಲ್ಕು ತಿಂಗಳ ತರುವಾಯ ಸುಗ್ಗಿಯಲ್ಲಿ ಧಾರಣೆ ಎರಡೂವರೆಗೆ ಇಳಿಯಿತು. ಐದು ರೂಪಾಯಿಗೆ ಈಗ ಎರಡು ಮಣ ಅಳೆಯಬೇಕು. ಒಂದಕ್ಕೆ ಒಂದೂಕಾಲು ಎಂದು ಒಪ್ಪಿದವನು ಒಂದಕ್ಕೆ ಎರಡು ಕೊಟ್ಟಂತಾಯಿತು. ನಡುವೆ ಮಳೆ ಕೈಕೊಟ್ಟು ಮತ್ತೊಮ್ಮೆ ಬಿತ್ತಿದ್ದರೆ ಅದೇ ಹೊಲಕ್ಕೆ ನಾಲ್ಕು ಮಣ. ಹೊಲವು ಇಮ್ಮಡಿಯಾಗಿಲ್ಲ, ಬೆಳೆಯೂ ಇಮ್ಮಡಿಯಾಗಿಲ್ಲ. ತಿನ್ನುವ ಕಾಳಿನ ಸಾಲವೂ ಇದೇ ವಹಿಯಲ್ಲಿ, ಇದೇ ರೀತಿಯಲ್ಲಿ ಏರುತ್ತಿತ್ತೆಂಬುದನ್ನು ಮರೆಯಬಾರದು.

ಸಾಸವಡದ ಮೂಡಲಿಗೆ, ಕರ್ಹಾ ನದಿಯ ಕೆಳಭಾಗದಲ್ಲಿ ಸುಪೆ ಎಂಬ ಊರಿದೆ. ಆಗ ಭೀಮಥಡಿ ತಾಲೂಕಿಗೆ ಸೇರಿದ್ದುದು ಈಗ ಬಾರಾಮತಿ ತಾಲೂಕಿನಲ್ಲಿದೆ. 1875ರ ಮೇ 12ರಂದು, ಸಂತೆಯ ದಿನ, ಸುತ್ತಲಿನ ಹಳ್ಳಿಗಳ ಒಕ್ಕಲಿಗರು ಅಲ್ಲಿಯ ಸಾವುಕಾರರ ಅಂಗಡಿ ಮನೆಗಳ ಮೇಲೆ ಬಿದ್ದು ಸಾಲಪತ್ರಗಳನ್ನೂ ವಹಿಗಳನ್ನೂ ಸುಟ್ಟರು. ದಖ್ಖಣದ ದಂಗೆಗಳೆಂದು ಇತಿಹಾಸದಲ್ಲಿ ಹೆಸರಾದ ಘಟನಾಪರಂಪರೆಯ ಮೊದಲನೆಯ ಸ್ಫೋಟವಿದು. ಕಾರಣಗಳನ್ನು ವಿದ್ವಾಂಸರು ಬಹಳವಾಗಿ ಚರ್ಚಿಸಿದ್ದಾರೆ: ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಏರಿದ ಹತ್ತಿಯ ಬೆಲೆ ಯುದ್ಧಾನಂತರ ಕುಸಿದದ್ದು, ಕಂದಾಯದ ಹೆಚ್ಚಳ, ಸಾವುಕಾರರು ಸಾಲದ ಕೈಯನ್ನು ಬಿಗಿಹಿಡಿದದ್ದು. ಇವೆಲ್ಲವೂ ನಿಜವೇ. ಆದರೆ ತಿಥಿಯನ್ನು ನೋಡಬೇಕು. ಮೇ ತಿಂಗಳ ನಡುಭಾಗವೆಂದರೆ ಮೃಗಶಿರಕ್ಕೆ ನಾಲ್ಕು ವಾರ ಉಳಿದಿರುವ ಕಾಲ. ಮನೆಯಲ್ಲಿ ಕಾಳು ಮುಗಿದು ಬೀಜಕ್ಕಾಗಿ ಸಾವುಕಾರನ ಮುಖ ನೋಡಬೇಕಾದ ಕಾಲಕ್ಕೆ ಆ ಸಾವುಕಾರನು ಬಾಗಿಲು ಹಾಕಿಕೊಂಡರೆ ರೈತನ ಪಾಲಿಗೆ ಒಂದು ವರ್ಷವೇ ಹೋದಂತೆ. ದಂಗೆಯ ಜನ ಹೆಚ್ಚಾಗಿ ಕಾಗದಗಳನ್ನು ಅರಸಿದರು, ಜೀವಹಿಂಸೆ ಅಪರೂಪವಾಗಿತ್ತು. ತನಿಖೆಗೆ ಆಯೋಗ ಕುಳಿತು, 1879ರಲ್ಲಿ ದಖ್ಖಣದ ಕೃಷಿಕರ ಪರಿಹಾರ ಕಾಯಿದೆ ಬಂದು, ಪತ್ರದ ಹಿಂದಿನ ಲೆಕ್ಕವನ್ನು ಕೆದಕಿ ನೋಡುವ ಅಧಿಕಾರ ನ್ಯಾಯಾಲಯಗಳಿಗೆ ದೊರೆಯಿತು. ಮೊದಲಿಗೆ ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದನಗರ ಜಿಲ್ಲೆಗಳಿಗೆ ಮಾತ್ರ ಅನ್ವಯಿಸಿತು. ಅದೇ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರೈತರು ದಂಗೆಯೇಳಲಿಲ್ಲ. ಕಾಯಿದೆಯೂ ಅವರನ್ನು ಬಹುಕಾಲ ನೆನೆಯಲಿಲ್ಲ.

ದಂಗೆಯ ಮರುವರ್ಷವೇ ದೊಡ್ಡ ಬರ. 1876-78ರ ಕ್ಷಾಮವು ಪುಣೆ ಸೊಲ್ಲಾಪುರಗಳಲ್ಲಿ ನಿಲ್ಲದೆ ಕಲಾದಗಿ, ಧಾರವಾಡ, ಬಳ್ಳಾರಿಗಳನ್ನು ನುಂಗಿ ಮೈಸೂರಿನವರೆಗೆ ಹಬ್ಬಿತು. ಬೀಜವೆಂದು ಕಟ್ಟಿಟ್ಟ ತೆನೆಯನ್ನು ಕಾಸಿ ಕುಡಿದ ಮೇಲೆ ಮಳೆ ಬಂದರೇನು? ಕ್ಷಾಮದ ಅನುಭವದಿಂದ ಸರಕಾರವು ಕಲಿತ ಪಾಠಗಳಲ್ಲಿ ಇದೂ ಒಂದು. 1884ರ ಕೃಷಿಕರ ಸಾಲದ ಕಾಯಿದೆಯಲ್ಲಿ ಬೀಜ ಮತ್ತು ದನಗಳ ಖರೀದಿಗೆ ಸರಕಾರಿ ಸಾಲವನ್ನು ಸ್ಪಷ್ಟವಾಗಿ ವಿಧಿಸಲಾಯಿತು. ಹಳೆಯ ತಗಾಯಿಗೆ ಹೊಸ ಅಂಗಿ. ಆದರೆ ಅರ್ಜಿ, ಜಾಮೀನು, ಕುಲಕರ್ಣಿಯ ಉತಾರ, ಮಾಮಲೇದಾರನ ಸಹಿ ಇಷ್ಟೆಲ್ಲ ಆಗುವವರೆಗೆ ನೆಲದ ಹದ ಕಾಯುವುದಿಲ್ಲ. ಸಾವುಕಾರನಾದರೋ ರಾತ್ರಿ ಬಾಗಿಲು ತಟ್ಟಿದರೂ ಅಳೆದುಕೊಡುತ್ತಿದ್ದ. ಸರಕಾರದ ಬಡ್ಡಿ ಕಡಿಮೆಯಾಗಿದ್ದೂ ಸಾವುಕಾರನ ವಹಿಗಳು ತುಂಬುತ್ತಲೇ ಹೋದುದರ ರಹಸ್ಯ ಇದಕ್ಕಿಂತ ಹೆಚ್ಚಿನದಲ್ಲ. ಪುರಂದರ ತಾಲೂಕಿನ ಖಾನವಡಿಯು ಜ್ಯೋತಿಬಾ ಫುಲೆಯವರ ಮನೆತನದ ಊರು. 1883ರಲ್ಲಿ ಅವರು ಬರೆದ ‘ಶೇತಕರ್‍ಯಾಚಾ ಆಸೂಡ’ದಲ್ಲಿ ರೈತನ ಸಾಲವನ್ನೂ ಕಚೇರಿಯ ಕಾಟವನ್ನೂ ಒಂದೇ ಉಸಿರಿನಲ್ಲಿ ಖಂಡಿಸಿದುದಕ್ಕೆ ಈ ನೆಲದ ಅನುಭವ ಹಿನ್ನೆಲೆಯಾಗಿತ್ತು.

ಇಲ್ಲಿಯವರೆಗೆ ಬೀಜವೆಂದರೆ ಕಾಳೇ. ಸಾವುಕಾರನು ಕೊಟ್ಟುದೂ ತಿನ್ನುವ ರಾಶಿಯಿಂದ ಅಳೆದ ಕಾಳೇ. ಬೀಜವು ಕಾಳಿನಿಂದ ಬೇರೆಯಾದ ಸರಕೆಂಬ ಭಾವನೆ ಮುಂಬಯಿ ಇಲಾಖೆಯಲ್ಲಿ ಬಲಿತುದು ಕನ್ನಡ ಸೀಮೆಯಲ್ಲಿ, ಹತ್ತಿಯ ನಿಮಿತ್ತವಾಗಿ. 1840ರ ದಶಕದಲ್ಲಿ ಧಾರವಾಡದ ಕಲೆಕ್ಟರನಾಗಿದ್ದ ಶಾ ಎಂಬಾತನ ಆಸಕ್ತಿಯಿಂದ ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸಿನ ಹತ್ತಿಯನ್ನು ಬೆಳೆದು ನೋಡಿದರು; ಅದೇ ಮುಂದೆ ಧಾರವಾಡ-ಅಮೇರಿಕನ್ ಎಂದು ಹೆಸರಾಯಿತು. ಹತ್ತಿಯ ಬೀಜಕ್ಕೆ ಒಂದು ವಿಶೇಷ ದುರವಸ್ಥೆಯುಂಟು. ಜೋಳದ ತೆನೆಯು ಮನೆಯಲ್ಲಿ ಉಳಿಯುತ್ತದೆ. ಹತ್ತಿಯ ಬೀಜವು ಅರಳೆಯೊಡನೆ ಜಿನ್ನಿಗೆ ಹೋಗುತ್ತದೆ. ಅಲ್ಲಿ ಅಮೇರಿಕನ್ ಮತ್ತು ಕುಮಟಾ ಜಾತಿಗಳು ಒಂದಾಗಿ ಬೆರೆತು, ರೈತನು ಮರುವರ್ಷ ಕೊಂಡುತಂದ ಬೀಜದಲ್ಲಿ ಯಾವುದೆಷ್ಟೆಂದು ಬ್ರಹ್ಮನೂ ಹೇಳಲಾರದಂತಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಿ. ಎಲ್. ಕೊಟ್ಟೂರ ಅವರು ಧಾರವಾಡದಲ್ಲಿ ಶುದ್ಧ ತಳಿಗಳನ್ನು ಆರಿಸಿ ಬೆಳೆಸಿದರು. ಆದರೆ ತಳಿಯನ್ನು ಶುದ್ಧವಾಗಿ ರೈತನಿಗೆ ಮುಟ್ಟಿಸುವುದು ತಳಿಯನ್ನು ಹುಟ್ಟಿಸಿದಷ್ಟೇ ಕಷ್ಟದ ಕೆಲಸವಾಗಿತ್ತು. ಅದಕ್ಕೆ ನೆರವಾದುದು ಸಹಕಾರ. 1904ರ ಕಾಯಿದೆಯ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗಿನ ಬಳಿಯ ಕಣಗಿನಹಾಳದಲ್ಲಿ ಸಂಘವನ್ನು ಕಟ್ಟಿದರು. ಮುಂದೆ ಹುಬ್ಬಳ್ಳಿ, ಗದಗುಗಳಲ್ಲಿ ಹತ್ತಿಯ ಮಾರಾಟದ ಸಂಘಗಳು ತಲೆಯೆತ್ತಿದವು. ಈ ಹೊತ್ತಿಗೆ ಪುಣೆಯ ಕೃಷಿ ಕಾಲೇಜು ಇಡೀ ಇಲಾಖೆಗೆ ವಿದ್ಯಾಕೇಂದ್ರವಾಗಿತ್ತು. 1947ರಲ್ಲಿ ಧಾರವಾಡದಲ್ಲಿಯೇ ಕೃಷಿ ಕಾಲೇಜು ಆಗುವವರೆಗೆ ಆ ಸೀಮೆಯ ಕನ್ನಡ ಹುಡುಗರು ಒಕ್ಕಲುತನದ ಶಾಸ್ತ್ರವನ್ನು ಕಲಿಯಲು ಪುಣೆಗೇ ಬರಬೇಕಾಗಿತ್ತು.

ಹತ್ತಿಗೆ ದೊರೆತ ಆಸ್ಥೆ ಜೋಳ ಸಜ್ಜೆಗಳಿಗೆ ತಡವಾಗಿ ದೊರೆಯಿತು. ಮ್ಯಾಂಚೆಸ್ಟರಿಗೆ ಜೋಳದ ರೊಟ್ಟಿ ಬೇಕಾಗಿರಲಿಲ್ಲವಷ್ಟೆ. ಸಾಸವಡದಿಂದ ದೂರವಲ್ಲದ ಮಾಂಜರಿಯಲ್ಲಿ 1923ರಲ್ಲಿ ವಿ. ಎ. ತಮ್ಹಾಣೆಯವರು ಒಣಬೇಸಾಯದ ಪ್ರಯೋಗಗಳನ್ನು ಪ್ರಾರಂಭಿಸಿದರು, ಎನ್. ವಿ. ಕಾನಿಟಕರರು ಮುಂದುವರಿಸಿದರು. 1933ರಲ್ಲಿ ಸೊಲ್ಲಾಪುರ ಮತ್ತು ವಿಜಾಪುರಗಳಲ್ಲಿ ಕೇಂದ್ರಗಳು ಏರ್ಪಟ್ಟವು. ಅವುಗಳ ಹಿಂದೆಯೇ ಹಗರಿ, ರಾಯಚೂರುಗಳಲ್ಲಿಯೂ ಆದವು. ಮಳೆಯನ್ನು ಹೆಚ್ಚಿಸಲು ಬಾರದೆಂದ ಮೇಲೆ ಬಿದ್ದ ಮಳೆಯನ್ನು ಬದುಗಳಿಂದ ಹಿಡಿದಿಡುವುದು, ವಿರಳವಾಗಿ ಬಿತ್ತುವುದು, ಪದೇ ಪದೇ ಎಡೆ ಹೊಡೆಯುವುದು ಇವೇ ಅಲ್ಲಿಯ ಉಪದೇಶಗಳು.

ಇದೇ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿದ ಎಂ. 35-1 ಎಂಬ ತಳಿಯು ಹೊರಬಿದ್ದಿತು. ಇದರ ಚರಿತ್ರೆಯು ಬೀಜದ ವ್ಯಾಪಾರಿಗಳಿಗೆ ಸ್ವಲ್ಪ ಮುಜುಗರದ ವಿಷಯ. ಇದು ಸಂಕರವಲ್ಲ, ಹೊರದೇಶದ್ದಲ್ಲ. ಸೀಮೆಯ ಒಕ್ಕಲಿಗರು ತಲೆಮಾರುಗಳಿಂದ ಜಂತಿಗೆ ತೂಗುಹಾಕಿ ಉಳಿಸಿಕೊಂಡು ಬಂದ ತೆನೆಗಳಿಂದಲೇ ಆರಿಸಿದ್ದು. ಹಿಂಗಾರಿಯಲ್ಲಿ, ಮಳೆ ನಿಂತ ಮೇಲೆ, ಎರೆಭೂಮಿಯೊಳಗೆ ಉಳಿದ ತೇವವನ್ನೇ ಹೀರಿ ಬೆಳೆಯುವ ಶಕ್ತಿ ಇದಕ್ಕಿದೆ. ರೊಟ್ಟಿ ಬಿಳುಪು, ಕಣಕಿ ದನಗಳಿಗೆ ಪ್ರಿಯ. ಮುಂದೆ ಮುಂಗಾರಿಯ ಜೋಳದಲ್ಲಿ ಸಂಕರ ತಳಿಗಳು ಬಂದು ಹರಡಿದರೂ ಹಿಂಗಾರಿಯಲ್ಲಿ ಇದನ್ನು ಅಲುಗಿಸುವ ಸಂಕರ ತಳಿ ದಶಕಗಳವರೆಗೆ ಬರಲಿಲ್ಲ. ವಿಜಯಪುರದಿಂದ ಅಹ್ಮದನಗರದವರೆಗಿನ ಎರೆಸೀಮೆ ಇದನ್ನು ನೆಚ್ಚಿಕೊಂಡಿತು. ಒಮ್ಮೆ ತಂದವನು ಆರಿಸಿ ಇಟ್ಟುಕೊಂಡರೆ ಮತ್ತೆ ಪೇಟೆಗೆ ಹೋಗಬೇಕಾಗಿಲ್ಲ. ಆದುದರಿಂದ ಪೇಟೆಗೂ ಇದರಲ್ಲಿ ಆಸಕ್ತಿ ಕಡಿಮೆ. 2016ರಲ್ಲಿ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಮಂಗಳವೇಢೆಯೆಂದರೆ ಕಲಚುರಿಗಳ ಊರು, ಬಿಜ್ಜಳ ಬಸವಣ್ಣರ ಚರಿತ್ರೆಯಲ್ಲಿ ಬರುವ ಊರು. ಬಹಮನಿಯ ಕಾಲದಲ್ಲಿ ದಾಮಾಜಿಪಂತನು ಅರಸನ ಕಣಜಗಳನ್ನು ಬರದಲ್ಲಿ ಬಡವರಿಗೆ ತೆರೆದನೆಂಬ ಐತಿಹ್ಯದ ಊರೂ ಅದೇ.

ನೀರು ದೊರೆಯುವ ಕಡೆಗೆ ಹೊರಟು ಹೋಗುವುದು ಸಾಸವಡದವರಿಗೆ ತೆರೆದಿದ್ದ ಇನ್ನೊಂದು ದಾರಿ. 1885ರಲ್ಲಿ ತೆರೆದ ನೀರಾ ಎಡದಂಡೆ ಕಾಲುವೆಯು ಬಾರಾಮತಿ ಇಂದಾಪುರಗಳ ಕಡೆಗೆ ಹರಿದು, ಕರ್ಹಾ ನದಿಯ ಮೇಲಣ ಎತ್ತರದ ನೆಲವನ್ನು ಒಣಗಿದಂತೆಯೇ ಬಿಟ್ಟಿತು. ತೋಟಗಾರಿಕೆಯಲ್ಲಿ ನಿಪುಣರಾದ ಇಲ್ಲಿಯ ಮಾಳಿಗಳು ಕಾಲುವೆಯ ನೀರನ್ನು ಹಿಂಬಾಲಿಸಿ ಮಾಳಶಿರಸ ತಾಲೂಕಿಗೆ ವಲಸೆ ಹೋಗಿ 1930ರ ದಶಕದಲ್ಲಿ ಸಕ್ಕರೆಯ ಕಾರಖಾನೆಯನ್ನು ಕಟ್ಟಿದರು. ಸಾಸವಡ ಮಾಳಿ ಸಕ್ಕರೆ ಕಾರಖಾನೆಯೆಂಬ ಹೆಸರು ಮಾತ್ರ ಸಾಸವಡದ್ದು. ಕಬ್ಬು ಬೆಳೆದದ್ದು ಬೇರೆಯ ನೆಲದಲ್ಲಿ. ಊರನ್ನು ಬಿಟ್ಟು ಬಂದರೂ ಹೆಸರನ್ನು ಬಿಡದ ಈ ಪ್ರವೃತ್ತಿ ಪುಣೆ ಮುಂಬಯಿಗಳ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದುದಲ್ಲ.

ಸ್ವಾತಂತ್ರ್ಯಾನಂತರದ ಕಾಲದಲ್ಲಿ ಬೀಜದ ಪೇಟೆಯ ಸ್ವರೂಪವೇ ಬದಲಾಯಿತು. 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ, 1964ರಲ್ಲಿ ಸಿ. ಎಸ್. ಎಚ್. 1 ಎಂಬ ಸಂಕರ ಜೋಳ, 1965ರಲ್ಲಿ ಎಚ್. ಬಿ. 1 ಎಂಬ ಸಂಕರ ಸಜ್ಜೆ. 1966ರಲ್ಲಿ ಬೀಜ ಕಾಯಿದೆ. ಸಂಕರ ಬೀಜದ ಗುಣವೆಂದರೆ ಮೊದಲ ಪೀಳಿಗೆಯ ಹುಲುಸು ಎರಡನೆಯದಕ್ಕೆ ಇಳಿಯುವುದಿಲ್ಲ. ಬೆಳೆದ ಕಾಳನ್ನೇ ಬಿತ್ತಿದರೆ ಫಸಲು ಎಲ್ಲೆಡೆ ಒಂದೇ ತೆರನಾಗಿ ಬಾರದು. ಪ್ರತಿವರ್ಷವೂ ಹೊಸದಾಗಿ ಕೊಳ್ಳಬೇಕು. ಎರಡನೆಯ ಬಿತ್ತಿಗೆಗೆ ಮಾತ್ರ ಪೇಟೆಗೆ ಹೋಗುತ್ತಿದ್ದ ರೈತನು ಮೊದಲನೆಯದಕ್ಕೂ ಹೋಗತೊಡಗಿದನು. ಮಳೆ ಚೆನ್ನಾದ ವರ್ಷ ಇಳುವರಿ ಎಷ್ಟೋ ಹೆಚ್ಚಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಜ್ಜೆಯಲ್ಲಿ ಒಂದು ವಿಪತ್ತು ಕಾದಿತ್ತು. ಆ ಕಾಲದ ಸಂಕರ ಸಜ್ಜೆಗಳಿಗೆಲ್ಲ ಅಮೆರಿಕದಿಂದ ಬಂದ ಒಂದೇ ಹೆಣ್ಣು ತಳಿ ಆಧಾರ; ಅದಕ್ಕೆ ಕೇದಿಗೆ ರೋಗವನ್ನು ತಡೆಯುವ ಶಕ್ತಿಯಿರಲಿಲ್ಲ. 1970ರ ದಶಕದ ಮೊದಲಲ್ಲಿ ರೋಗವು ದೇಶದ ಸಜ್ಜೆಯ ಸೀಮೆಗಳಲ್ಲೆಲ್ಲ ಹಬ್ಬಿತು. ತೆನೆಯ ಬದಲು ಎಲೆಯ ಕುಚ್ಚು! ಮಹಾರಾಷ್ಟ್ರದಲ್ಲಿ 1970-73ರ ಮಹಾಬರವೂ ಅದೇ ಕಾಲಕ್ಕೆ ಬಂದುದು ದುರ್ದೈವ. ಜನರು ಹೊಲಗಳನ್ನು ಬಿಟ್ಟು ಕಲ್ಲೊಡೆಯುವ ಕಾಮಗಾರಿಗಳಿಗೆ ನಡೆದರು. ಅನೇಕ ಮನೆಗಳಲ್ಲಿ ಜಂತಿಯ ತೆನೆಗಳು ಆ ವರ್ಷಗಳಲ್ಲಿಯೇ ಕೊನೆಗೊಂಡವು.

ಆ ಬರದಲ್ಲಿಯೇ ಪುರಂದರ ತಾಲೂಕಿನ ನಾಯಗಾಂವದಲ್ಲಿ ವಿಲಾಸರಾವ ಸಾಳುಂಖೆಯೆಂಬ ಪುಣೆಯ ಎಂಜಿನಿಯರ್-ಉದ್ಯಮಿಯು ದೇವಸ್ಥಾನದ ಬರಡು ನೆಲವನ್ನು ಗೇಣಿಗೆ ಹಿಡಿದು, ಇಳಿಜಾರಿನ ನೀರನ್ನು ತಡೆದು ನಿಲ್ಲಿಸುವ ಪ್ರಯೋಗಕ್ಕೆ ಕೈಹಾಕಿದರು. ಪಾಣಿ ಪಂಚಾಯತ ಎಂದು ಪ್ರಸಿದ್ಧವಾದ ಈ ಕಾರ್ಯದ ನಿಯಮಗಳು ಸರಳವಾಗಿದ್ದವು: ನೀರಿನ ಪಾಲು ಹೊಲದ ಅಳತೆಯಂತೆ ಅಲ್ಲ, ಮನೆಯ ತಲೆಗಳ ಎಣಿಕೆಯಂತೆ, ತಲೆಗೆ ಅರ್ಧ ಎಕರೆ, ಹೊಲವಿಲ್ಲದವನಿಗೂ ಪಾಲು, ಕಬ್ಬು ಬೆಳೆಯಕೂಡದು. ಇದನ್ನು ಎಲ್ಲರೂ ನೀರಿನ ಇತಿಹಾಸದಲ್ಲಿ ಓದುತ್ತಾರೆ. ಬೀಜದ ಇತಿಹಾಸದಲ್ಲಿಯೂ ಓದಬೇಕು. ಮೊಳೆತ ಪೈರು ಬಾಡುವ ಆ ಮೂರು ವಾರಗಳಲ್ಲಿ ಒಂದೇ ಒಂದು ಸಲ ನೀರು ಹಾಯಿಸಲು ಸಾಧ್ಯವಾದರೆ ಎರಡನೆಯ ಬಿತ್ತಿಗೆಯ ಪ್ರಶ್ನೆಯೇ ಏಳುವುದಿಲ್ಲ. ಸವಾಯಿ ದೀಡಿಗಳ ಬುಡಕ್ಕೆ ಕೊಡಲಿ ಹಾಕಿದುದು 1879ರ ಕಾಯಿದೆಗಿಂತ ಹೆಚ್ಚಾಗಿ ಇಂಥ ಒಂದು ತಗ್ಗಿನ ಕೆರೆ.

ಬೀಜ ಕೊಳ್ಳುವ ಸೀಮೆಯೇ ಬೀಜ ಬೆಳೆಯುವ ಸೀಮೆಯೂ ಆದುದು ಈ ಕಥೆಯ ವಿಚಿತ್ರ ತಿರುವು. ಬೀಜಕ್ಕೆ ಬೇಕಾದುದು ಒಣ ಹವೆ. ಕಾಳು ಬಲಿಯುವಾಗ ಮಳೆ ಬಿದ್ದರೆ ಬೂಷ್ಟು ಹಿಡಿದು ಮೊಳಕೆ ಕೆಡುತ್ತದೆ. ಬರದ ನಾಡಿನ ಶಾಪವೇ ಇಲ್ಲಿ ವರವಾಯಿತು. 1964ರಲ್ಲಿ ಬದ್ರಿನಾರಾಯಣ ಬಾರವಾಲೆಯವರು ಮರಾಠವಾಡೆಯ ಜಾಲನಾದಲ್ಲಿ ಕಂಪನಿಯನ್ನು ಸ್ಥಾಪಿಸಿದರು. 1998ರಲ್ಲಿ ಅವರಿಗೆ ವಿಶ್ವ ಆಹಾರ ಪುರಸ್ಕಾರ ಬಂದಿತು. ಕನ್ನಡ ನಾಡಿನಲ್ಲಿ 1972ರಲ್ಲಿ ಧಾರವಾಡದ ಬಿ. ಎಚ್. ಕಾತರಕಿಯವರು ಎರಡು ಬೇರೆ ಜಾತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಹುಟ್ಟಿಸಿದರು. ಒಂದೊಂದೇ ಮೊಗ್ಗನ್ನು ಬಿಡಿಸಿ ಕೈಯಿಂದ ಪರಾಗ ಮುಟ್ಟಿಸುವ ಈ ಸೂಕ್ಷ್ಮ ಕೆಲಸವು ಮತ್ತೆ ಹೆಂಗಸರ ಪಾಲಿಗೇ ಬಂದಿತು, ಈ ಸಲ ಕೂಲಿಗೆ. ರಾಣೆಬೆನ್ನೂರಿನ ಸೀಮೆಯು ಹತ್ತಿ ಮತ್ತು ತರಕಾರಿಯ ಸಂಕರ ಬೀಜಗಳ ಉತ್ಪಾದನೆಗೆ ಹೆಸರಾಯಿತು. ಅದೇ ತಾಲೂಕಿನ ದೇವರಗುಡ್ಡದಲ್ಲಿ ಜೇಜುರಿಯ ಖಂಡೋಬನ ಕನ್ನಡ ರೂಪವಾದ ಮಾಲತೇಶ ಮೈಲಾರನು ನೆಲೆಸಿದ್ದಾನೆ. ಅಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕದ ಒಂದು ಮಾತನ್ನು ಹಿಡಿದು ಆ ವರ್ಷದ ಮಳೆ ಬೆಳೆಗಳನ್ನು ಒಕ್ಕಲಿಗರೂ ವ್ಯಾಪಾರಿಗಳೂ ಅರ್ಥೈಸುತ್ತಾರೆ. ಯಾವ ಬೀಜವನ್ನು ಎಷ್ಟು ಕೂಡಿಡಬೇಕೆಂದು ಮೊದಲೇ ಅರಿಯಬೇಕಾದವರ ಅವಸ್ಥೆಯನ್ನು ಬಲ್ಲವರು ಇದನ್ನು ನಗಲಾರರು.

ಏಕೆಂದರೆ ಬೀಜದ ಅಂಗಡಿಯವನ ಕಷ್ಟವೂ ಸಣ್ಣದಲ್ಲ. ಮೃಗಶಿರದಲ್ಲಿ ಮಳೆ ಬಂದರೆ ಸಜ್ಜೆ ಬೇಕು. ತಡವಾದರೆ ಸಜ್ಜೆಯನ್ನು ಕೇಳುವವರಿಲ್ಲ, ಹುರುಳಿ, ಸೂರ್ಯಕಾಂತಿ ಬೇಕು. ಮಳೆಯೇ ಬಾರದಿದ್ದರೆ ಚೀಲಗಳೆಲ್ಲ ಹಾಗೆಯೇ ಉಳಿಯುತ್ತವೆ. ಬೀಜದ ಪರೀಕ್ಷೆಯ ಆಯುಷ್ಯವನ್ನು ನಿಯಮವು ಒಂಬತ್ತು ತಿಂಗಳೆಂದು ಗೊತ್ತುಪಡಿಸಿದೆ. ಪ್ರಮಾಣಿತ ಜೋಳ ಸಜ್ಜೆಗಳು ನೂರಕ್ಕೆ 75ರಷ್ಟಾದರೂ ಮೊಳೆಯತಕ್ಕದ್ದು. ಬರದ ವರ್ಷದ ಹಳೆಯ ಬೀಜವು ಮರುವರ್ಷ ಹೊಸ ಚೀಲವನ್ನು ಹೊಕ್ಕು ಬರುವ ಆಸೆಗೆ ಇಲ್ಲಿಯೇ ಮೂಲ. 1973ರಲ್ಲಿ ಕರ್ನಾಟಕದಲ್ಲಿಯೂ 1976ರಲ್ಲಿ ಅಕೋಲೆಯಲ್ಲಿ ಮಹಾರಾಷ್ಟ್ರದ್ದೂ ಬೀಜ ನಿಗಮಗಳಾದವು. 1988ರ ಹೊಸ ಬೀಜನೀತಿಯ ತರುವಾಯ ಖಾಸಗಿ ಕಂಪನಿಗಳಿಗೆ ಹಾದಿ ವಿಶಾಲವಾಯಿತು. ಪುರಂದರ ತಾಲೂಕಿನಲ್ಲಿ ಸೀತಾಫಲ, ಅಂಜೂರಗಳ ಜೊತೆಗೆ ಬಟಾಣಿಯೂ ಪೇಟೆಯ ಬೆಳೆಯಾಗಿ ನೆಲೆಗೊಂಡಿತು. ಎಕರೆಗೆ ಎರಡು ಕಿಲೋ ಸಜ್ಜೆ ಎಲ್ಲಿ, ಹತ್ತಾರು ಕಿಲೋ ಬಟಾಣಿಯ ಬೀಜವೆಲ್ಲಿ! ಹಸಿಗಾಯಿಯಾಗಿಯೇ ಕಿತ್ತು ಮಾರುವ ಬೆಳೆಯಿಂದ ಮನೆಗೆ ಬೀಜವೂ ಉಳಿಯದು. ಬಿತ್ತುವ ದಿನದಂದೇ ರೈತನ ಗಂಟಿನಿಂದ ಹೋಗುವ ಹಣ ಹಿಂದಿನ ಯಾವ ಕಾಲದಲ್ಲಿಯೂ ಇಷ್ಟಿರಲಿಲ್ಲ.

ಇನ್ನು, ಕೊಂಡ ಬೀಜ ಹುಟ್ಟದೇ ಹೋದರೆ? ಮಳೆಯ ನಾಡಿನಲ್ಲಿ ಬೀಜ ಕೆಟ್ಟುದೆಂದು ಕೂಡಲೇ ತಿಳಿಯುತ್ತದೆ. ಬರದ ನಾಡಿನಲ್ಲಿ ಮಾರಿದವನಿಗೆ ಒಂದು ಸಿದ್ಧ ಉತ್ತರವಿದೆ: ಮಳೆಯಾಗಲಿಲ್ಲ, ಬೀಜವೇನು ಮಾಡೀತು? ರೈತನ ಕೈಯಲ್ಲಿ ಸಾಕ್ಷಿಯಿಲ್ಲ. ಸಾಕ್ಷಿಯನ್ನು ಅವನು ನೆಲದಲ್ಲಿ ಹಾಕಿಬಿಟ್ಟಿದ್ದಾನೆ. ಈ ಹಳೆಯ ತೊಡಕು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆಂಧ್ರಪ್ರದೇಶದ ರೈತರು ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಹೂಡಿದ ಪ್ರಕರಣದಲ್ಲಿ, ಪ್ರಯೋಗಶಾಲೆಯ ಪರೀಕ್ಷೆಗೆ ಬೀಜದ ಮಾದರಿಯನ್ನು ಕಳಿಸದೆ ಪರಿಹಾರ ಕೊಡಲಾಗದೆಂದು ನಿಗಮವು ವಾದಿಸಿತ್ತು. 2012ರ ಜನವರಿಯ ತೀರ್ಪಿನಲ್ಲಿ ನ್ಯಾಯಾಲಯವು, ಬೀಜ ಕೊಂಡ ರೈತನೂ ಗ್ರಾಹಕನೇ ಎಂದೂ, ಕೊಂಡ ಬೀಜವನ್ನೆಲ್ಲ ಬಿತ್ತುವ ರೈತನು ಮುಂದಿನ ವ್ಯಾಜ್ಯಕ್ಕಾಗಿ ಮಾದರಿಯನ್ನು ತೆಗೆದಿಡಬೇಕೆಂದು ನಿರೀಕ್ಷಿಸುವುದು ಸರಿಯಲ್ಲವೆಂದೂ, ಮಾದರಿಯು ನಿಗಮದ ಬಳಿ ಇರಬಹುದಾಗಿದ್ದು ಅದನ್ನೇ ಹಾಜರುಪಡಿಸಬಹುದಾಗಿತ್ತೆಂದೂ ಹೇಳಿತು. ಸುಪೆಯ ಸಂತೆಯಲ್ಲಿ ಒಕ್ಕಲಿಗರು ಕಾಗದವನ್ನು ಸುಟ್ಟಿದ್ದರು. ಈಗ ಬಿತ್ತಿದ ಮೇಲೆ ಬರಿದಾದ ಚೀಲವನ್ನೂ ಅದಕ್ಕೆ ಹೊಲಿದ ಚೀಟಿಯನ್ನೂ ಅಂಗಡಿಯ ರಸೀತಿಯನ್ನೂ ಬೆಳೆ ಮನೆಗೆ ಬರುವವರೆಗೆ ಜೋಪಾನವಾಗಿಡಿರೆಂದು ಕೃಷಿ ಇಲಾಖೆಯವರು ಬಿತ್ತಿಗೆಗೆ ಮುಂಚೆ ಸಾರಿ ಹೇಳುತ್ತಾರೆ.